ಹಾಜರಿ ಪುಸ್ತಕದ ಹೆಸರು ಒಂದು, ಕರೆಯಬೇಕಾದ ಹೆಸರು ಇನ್ನೊಂದು

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಒಂದು ಪಿಯು ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕಿ. ನಮ್ಮ ದ್ವಿತೀಯ ಪಿಯು ವಿದ್ಯಾರ್ಥಿಯೊಬ್ಬ 'ನಾನು ಹುಡುಗಿ ಅಲ್ಲ ಮೇಡಂ, ಹುಡುಗ. ಚೇತನ್ ಅಂತ ಕರೀರಿ' ಎಂದು ಕೇಳಿಕೊಂಡಿದ್ದಾನೆ. ಹಾಜರಿ ಪುಸ್ತಕದಲ್ಲಿ ಇರುವುದು ಹುಡುಗಿಯ ಹೆಸರು. ಅದೇ ತರಗತಿಯ ಇನ್ನೊಬ್ಬರು 'ನಾನು ಹುಡುಗನೂ ಅಲ್ಲ, ಹುಡುಗಿಯೂ ಅಲ್ಲ' ಅನ್ನುತ್ತಾರೆ. ಅವರಿಗೂ ಹೆಸರು ಬದಲಾಗಬೇಕಂತೆ, ಯಾವುದು ಅಂತ ಇನ್ನೂ ಗೊತ್ತಿಲ್ಲವಂತೆ. ನಮ್ಮ ಭಾಷೆಯಲ್ಲಿ ಕ್ರಿಯಾಪದಕ್ಕೇ ಲಿಂಗ ಅಂಟಿಕೊಂಡಿದೆ. ನಾನು ಹೇಗೆ ಮಾತಾಡಲಿ? ಪ್ರಿನ್ಸಿಪಾಲರು 'ದಾಖಲೆಯಲ್ಲಿರೋ ಹೆಸರು ಬಿಟ್ಟು ಕರೆದರೆ ನಾಳೆ ತೊಂದರೆ' ಎನ್ನುತ್ತಾರೆ. ಮನೆಯವರಿಗೆ ತಿಳಿಸಬೇಕಾ? ಮಾರ್ಕ್ಸ್ ಕಾರ್ಡಿನ ಕಥೆ ಏನು?

ಉತ್ತರ: ಮೇಡಂ, ಮೊದಲು ಒಂದು ಮಾತು. ನಿಮ್ಮ ಪತ್ರದಲ್ಲಿ ಆ ಹುಡುಗನ ಹಳೆಯ ಹೆಸರೂ ಇತ್ತು, ನಿಮ್ಮ ಊರಿನ ಹೆಸರೂ ಇತ್ತು. ಎರಡನ್ನೂ ತೆಗೆದಿದ್ದೇನೆ. 'ಚೇತನ್' ಕೂಡ ಇಲ್ಲಿಗಾಗಿ ನಾನು ಇಟ್ಟ ಹೆಸರು. ನೀವು ಕಾಳಜಿಯಿಂದಲೇ ಬರೆದಿದ್ದೀರಿ, ಅದು ಗೊತ್ತು. ಆದರೆ ಚಿಕ್ಕ ಊರಿನಲ್ಲಿ ಇಷ್ಟು ಗುರುತು ಸಾಕು, ಸಂಜೆಯೊಳಗೆ ಬಸ್ ಸ್ಟ್ಯಾಂಡ್ ತನಕ ಸುದ್ದಿ ಹೋಗಿರುತ್ತದೆ. ಸ್ಟಾಫ್ ರೂಮಿನಲ್ಲಿ ಸಲಹೆ ಕೇಳುವಾಗಲೂ ಹೆಸರು ಬಿಟ್ಟೇ ಕೇಳಿ.

ಪ್ರಿನ್ಸಿಪಾಲರ ಭಯದಿಂದ ಶುರು ಮಾಡೋಣ. ಅವರು ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಅಂದುಕೊಂಡಿದ್ದಾರೆ. ಕರೆಯುವುದು ಒಂದು, ಬರೆಯುವುದು ಇನ್ನೊಂದು. ಮಾರ್ಕ್ಸ್ ಕಾರ್ಡು, ಹಾಲ್ ಟಿಕೆಟ್ಟು, ಆಧಾರ್ ಇವುಗಳಲ್ಲಿ ಹೆಸರು ಬದಲಾಗಬೇಕಾದರೆ ಅರ್ಜಿ ಬೇಕು, ಅಧಿಕಾರಿ ಬೇಕು, ತಿಂಗಳುಗಟ್ಟಲೆ ಸಮಯ ಬೇಕು. ತರಗತಿಯಲ್ಲಿ 'ಚೇತನ್, ಮುಂದಿನ ಪ್ಯಾರಾ ಓದು' ಅನ್ನುವುದಕ್ಕೆ ಯಾವ ಅರ್ಜಿಯೂ ಬೇಡ. ಅದನ್ನು ನಾಳೆ ಬೆಳಿಗ್ಗೆಯೇ ಮಾಡಬಹುದು.

ನಮ್ಮ ಮನೆಗಳಲ್ಲಿ ಇದು ಹೊಸದೇನಲ್ಲ. ನಮ್ಮ ದೊಡ್ಡಮ್ಮನ ರೇಷನ್ ಕಾರ್ಡಿನಲ್ಲಿ ವಿಶಾಲಾಕ್ಷಮ್ಮ ಅಂತ ಇದೆ, ಊರಿಗೆಲ್ಲ ಅವರು ಪುಟ್ಟಮ್ಮ. ಅತ್ತೆಯ ಹೆಸರನ್ನು ಮಗಳಿಗೆ ಇಟ್ಟ ಸೊಸೆ, ಆ ಹೆಸರು ಹಿಡಿದು ಮಗುವನ್ನು ಗದರಿಸುವುದು ಹೇಗೆ ಅಂತ ಬೇರೆ ಹೆಸರಿನಿಂದ ಕರೆಯುತ್ತಿದ್ದಳು. ಕೆಲವು ಕಡೆ ಮದುವೆಯ ದಿನ ಅಕ್ಕಿಯ ಮೇಲೆ ಹೊಸ ಹೆಸರು ಬರೆಸಿ ಹುಡುಗಿಯ ಹೆಸರನ್ನೇ ಬದಲಿಸುತ್ತಿದ್ದರು. ಇದಕ್ಕೆಲ್ಲ ಯಾರಾದರೂ ಅಫಿಡವಿಟ್ ಕೇಳಿದ್ದಾರಾ? ಪ್ರಿನ್ಸಿಪಾಲರಿಗೂ ಮನೆಯಲ್ಲಿ ಒಂದು ಹೆಸರು ಇದ್ದೇ ಇರುತ್ತದೆ. ಹದ ನೋಡಿಕೊಂಡು ಕೇಳಿ ನೋಡಿ.

ಅವರು ಕಾನೂನು ಬೇಕು ಅಂದರೆ ಅದೂ ಇದೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಹೂಡಿದ ಪ್ರಕರಣದಲ್ಲಿ, ತಾನು ಗಂಡೋ ಹೆಣ್ಣೋ ತೃತೀಯ ಲಿಂಗವೋ ಎಂದು ಹೇಳಿಕೊಳ್ಳುವ ಹಕ್ಕು ಆ ವ್ಯಕ್ತಿಯದೇ ಎಂದಿತು. ಶಸ್ತ್ರಚಿಕಿತ್ಸೆ ಆಗಿರಲೇಬೇಕು ಅಂತ ಒತ್ತಾಯಿಸುವುದು ತಪ್ಪು ಎಂದೂ ಹೇಳಿತು. ಆಮೇಲೆ ಬಂದ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2020ರ ಜನವರಿ 10ರಿಂದ ಜಾರಿಯಾಯಿತು. ಅದರ 3ನೇ ಸೆಕ್ಷನ್ ಶಿಕ್ಷಣ ಸಂಸ್ಥೆಗಳಲ್ಲಿ ತಾರತಮ್ಯ ಕೂಡದು ಎನ್ನುತ್ತದೆ. 13ನೇ ಸೆಕ್ಷನ್ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಸಂಸ್ಥೆ ಈ ಮಕ್ಕಳಿಗೆ ಓದು, ಆಟ ಎಲ್ಲದರಲ್ಲೂ ಉಳಿದವರಷ್ಟೇ ಅವಕಾಶ ಕೊಡಬೇಕು. ದೂರು ಕೇಳಲು ಒಬ್ಬರನ್ನು ನೇಮಿಸಬೇಕು ಅಂತಲೂ ಕಾಯ್ದೆಯಲ್ಲಿದೆ. 'ನಮ್ಮಲ್ಲಿ ಆ ಅಧಿಕಾರಿ ಯಾರು ಸಾರ್?' ಅಂತ ಮೆತ್ತಗೆ ಕೇಳಿದರೆ ಸಾಕು, ಎಷ್ಟೋ ಕಡೆ ಮಾತಿನ ವರಸೆಯೇ ಬದಲಾಗುತ್ತದೆ.

'ಸರ್ಕ್ಯುಲರ್ ಎಲ್ಲಿ?' ಅನ್ನುವವರೂ ಇರುತ್ತಾರೆ. ಅವರದೂ ಪೂರ್ತಿ ತಪ್ಪಲ್ಲ. 2021ರಲ್ಲಿ ಕೇಂದ್ರ ಸರ್ಕಾರದ ಶಾಲಾ ಪಠ್ಯ ಸಂಸ್ಥೆ ಎನ್‌ಸಿಇಆರ್‌ಟಿ ಟ್ರಾನ್ಸ್‌ಜೆಂಡರ್ ಮಕ್ಕಳನ್ನು ಶಾಲೆ ಹೇಗೆ ಒಳಗೊಳ್ಳಬೇಕು ಅಂತ ಶಿಕ್ಷಕರಿಗೊಂದು ಕೈಪಿಡಿ ತಂದಿತು. ಆಕ್ಷೇಪ ಬಂದ ಕೆಲವೇ ದಿನಗಳಲ್ಲಿ ಅದು ವೆಬ್‌ಸೈಟಿನಿಂದ ಮಾಯವಾಯಿತು. ನಿಮ್ಮಂಥವರು ಹೀಗೆ ಪತ್ರ ಬರೆದು ಕೇಳಬೇಕಾಗಿ ಬಂದಿರುವುದರಲ್ಲಿ ಅದರ ಪಾಲೂ ಇದೆ ಅಂತ ನನಗನಿಸುತ್ತದೆ.

ಒಂದು ಹೆಸರಿನಿಂದ ಅಂಥದ್ದೇನಾಗುತ್ತದೆ ಅಂತ ಕೇಳುವವರಿಗೆ ನಾನು ಒಂದೇ ಅಧ್ಯಯನ ಹೇಳುತ್ತೇನೆ. 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದದ್ದು. 129 ಮಂದಿ ಟ್ರಾನ್ಸ್‌ಜೆಂಡರ್ ಯುವಜನರ ಗುಂಪಿನಲ್ಲಿ ಕೇಳಿದರು: ಮನೆ, ಶಾಲೆ, ಕೆಲಸದ ಜಾಗ, ಗೆಳೆಯರ ಗುಂಪು, ಈ ನಾಲ್ಕರಲ್ಲಿ ಎಲ್ಲೆಲ್ಲಿ ನಿಮ್ಮನ್ನು ನಿಮ್ಮಿಷ್ಟದ ಹೆಸರಿನಿಂದ ಕರೆಯುತ್ತಾರೆ? ಹಾಗೆ ಕರೆಯುವ ಜಾಗ ಒಂದು ಹೆಚ್ಚಾದರೂ ಸಾಯುವ ಯೋಚನೆ 29 ಶೇಕಡ ಕಡಿಮೆ ಇತ್ತು, ಸಾಯುವ ಪ್ರಯತ್ನದಂಥ ನಡವಳಿಕೆ 56 ಶೇಕಡ ಕಡಿಮೆ ಇತ್ತು. ಹೆಸರು ಕರೆದ ತಕ್ಷಣ ಎಲ್ಲ ಸರಿಹೋಗುತ್ತದೆ ಅಂತ ಇದರರ್ಥ ಅಲ್ಲ. ಆದರೆ ಆ ನಾಲ್ಕು ಜಾಗಗಳಲ್ಲಿ ಒಂದು ನಿಮ್ಮ ತರಗತಿ.

ಈಗ ಹಾಜರಿಗೆ ಬರೋಣ. ದಿನದಲ್ಲಿ ಈ ಮಕ್ಕಳಿಗೆ ಅತಿ ಕಷ್ಟದ ನಿಮಿಷ ಅದೇ. ನಾನು ಒಂದು ಕಾಲೇಜಿನಲ್ಲಿ ಆಪ್ತ ಸಮಾಲೋಚಕಿಯಾಗಿದ್ದಾಗ ಹಿಂದಿನ ಬೆಂಚಿನಲ್ಲಿ ಕೂತು ನೋಡಿದ್ದೇನೆ. ತನ್ನ ಹೆಸರಿಗೆ ಇನ್ನು ನಾಲ್ಕು ಹೆಸರು ಇದೆ ಅನ್ನುವಾಗಲೇ ಆ ವಿದ್ಯಾರ್ಥಿ ಪೆನ್ ಕ್ಯಾಪ್ ತೆಗೆಯುವುದು, ಹಾಕುವುದು. ಹೆಸರು ಬಂದಾಗ 'ಎಸ್ ಮಿಸ್' ಅನ್ನುವುದು ಕೇಳಿಸದಷ್ಟು ಮೆಲ್ಲಗೆ. ಮಿಸ್ ಇನ್ನೊಮ್ಮೆ ಜೋರಾಗಿ ಕೂಗುತ್ತಾರೆ. ಎಲ್ಲರೂ ತಿರುಗಿ ನೋಡುತ್ತಾರೆ. ಅಲ್ಲಿಗೆ ಮೊದಲ ಪಿರಿಯಡ್ ಮುಗಿದ ಹಾಗೆ.

'ರೋಲ್ ನಂಬರ್ ಕೂಗಿದರಾಯ್ತಲ್ಲ' ಅಂತ ಹಲವರು ಹೇಳುತ್ತಾರೆ. ಒಳ್ಳೆಯದೇ, ಆದರೆ ಇಡೀ ತರಗತಿಗೆ ಕೂಗಿ, ಒಬ್ಬರಿಗೆ ಮಾತ್ರ ಅಲ್ಲ. ಇನ್ನೊಂದು ವಿಷಯ, ಒಂಬತ್ತನೇ ನಂಬರ್ ಬಂದಾಗ ಹಿಂದಿನ ಬೆಂಚಿನ ಕಡೆ ಕಿವಿ ಇರಲಿ. ನಮ್ಮ ಕಡೆ 'ಒಂಬತ್ತು' ಎಂಬುದು ಬೈಗುಳ ಅಂತ ನಿಮಗೆ ನಾನು ಹೇಳಬೇಕಿಲ್ಲ. ಹೆಸರೇ ಕೂಗುವುದಾದರೆ ಹಾಜರಿ ಪುಸ್ತಕದೊಳಗೆ ಒಂದು ಚಿಕ್ಕ ಚೀಟಿ ಇಟ್ಟುಕೊಳ್ಳಿ. 'ರೋಲ್ ನಂಬರ್ 27, ಚೇತನ್' ಅಷ್ಟೇ, ಕಾರಣ ಬರೆಯಬೇಡಿ. ನೀವು ರಜೆ ಹಾಕಿದ ದಿನ ಬದಲಿಗೆ ಬರುವವರು ಹಳೆಯ ಹೆಸರು ಕೂಗಿಬಿಡುವುದೇ ಹೆಚ್ಚು. ಆ ಚೀಟಿ ಮುಖ್ಯವಾಗಿ ಅವರಿಗಾಗಿ. ಲ್ಯಾಬ್ ರೆಕಾರ್ಡಿನ ರಟ್ಟು, ತರಗತಿಯ ವಾಟ್ಸಾಪ್ ಗ್ರೂಪು, ನೋಟಿಸ್ ಬೋರ್ಡಿನ ಸೆಮಿನಾರ್ ಪಟ್ಟಿ, ಇವೆಲ್ಲ ಕಾಲೇಜಿನ ಒಳಗಿನ ವಿಷಯ. ಇಲ್ಲಿ ಕರೆಯುವ ಹೆಸರೇ ಇರಲಿ, ಆದರೆ ಇವೂ ಮನೆಯ ತನಕ ಹೋಗಬಲ್ಲವು, ಹುಡುಗನನ್ನು ಕೇಳಿಯೇ ಹಾಕಿ. ವಾರ್ಷಿಕ ಪರೀಕ್ಷೆಗೆ ಸಂಬಂಧಪಟ್ಟದ್ದರಲ್ಲಿ ಮಾತ್ರ ಸದ್ಯಕ್ಕೆ ದಾಖಲೆಯ ಹೆಸರು.

ವ್ಯಾಕರಣದ ಪ್ರಶ್ನೆಗೆ ಬರುತ್ತೇನೆ. ಕನ್ನಡ ಮೇಷ್ಟ್ರುಗಳು ಈ ಪ್ರಶ್ನೆ ಕೇಳಿದಾಗ ನನಗೆ ಖುಷಿಯಾಗುತ್ತದೆ, ಯಾಕೆಂದರೆ ಭಾಷೆ ನಮ್ಮ ಕಡೆ ಇದೆ. 'ನಾನು ಬಂದೆ' ಅಂದರೆ ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. 'ನೀನು ಬಂದೆ', 'ನೀವು ಬಂದಿರಿ' ಕೂಡ ಹಾಗೇ. ಹಿಂದಿಯಲ್ಲಿ ಪಾಪ, ನಾನು ಹೋಗ್ತೀನಿ ಅನ್ನುವುದಕ್ಕೂ ಲಿಂಗ ಹೇಳಲೇಬೇಕು. ನಮಗೆ ತೊಡಕಿರುವುದು ಆ ವ್ಯಕ್ತಿಯ ಬಗ್ಗೆ ಇನ್ನೊಬ್ಬರಿಗೆ ಹೇಳುವಾಗ ಮಾತ್ರ: ಬಂದ, ಬಂದಳು, ಬಂದರು.

ಅಂದರೆ ಎದುರೆದುರು ಮಾತಾಡುವಾಗ ತಪ್ಪುವ ಜಾಗ ಸರ್ವನಾಮ ಅಲ್ಲ. ಬಾಲದಲ್ಲಿ ಬರುವ ಸಣ್ಣ ಅಕ್ಷರ. 'ಬಾರೇ', 'ಏನೇ', 'ಹೌದು ಕಣೇ'. ನಾವು ಪ್ರೀತಿಯಿಂದಲೇ ಅನ್ನುತ್ತೇವೆ, ಅಂದದ್ದು ನಮಗೇ ಗೊತ್ತಾಗುವುದಿಲ್ಲ. ಚೇತನ್ ಹುಡುಗ. ಉಳಿದ ಹುಡುಗರಿಗೆ ನೀವು 'ಬಾರೋ' ಅನ್ನುತ್ತೀರಾದರೆ ಅವನಿಗೂ 'ಬಾರೋ' ಅನ್ನಿ. ಒಬ್ಬ ವಿದ್ಯಾರ್ಥಿ ನನಗೆ ಹೇಳಿದ್ದ: 'ಮಿಸ್, ಪಿಟಿ ಸಾರ್ ಮೊನ್ನೆ ನಂಗೆ ಲೋ ಅಂತ ಬೈದ್ರು. ಆ ರಾತ್ರಿ ನಿದ್ದೆನೇ ಬರ್ಲಿಲ್ಲ, ಅಷ್ಟು ಖುಷಿ.' ಬೈಗುಳಕ್ಕೆ ಹೀಗೆ ಖುಷಿಪಟ್ಟವರನ್ನು ನಾನು ಬೇರೆ ನೋಡಿಲ್ಲ.

ಚೇತನ್ ವಿಷಯದಲ್ಲಿ 'ಅವನು, ಬಂದ, ಹೇಳಿದ'. ಅಷ್ಟೇ, ಅದರಲ್ಲಿ ಗೊಂದಲ ಇಲ್ಲ. ಇನ್ನೊಬ್ಬರ ವಿಷಯ ಸ್ವಲ್ಪ ಸೂಕ್ಷ್ಮ. ನಾನ್‌ಬೈನರಿ, ಅಂದರೆ ಗಂಡೂ ಅಲ್ಲ ಹೆಣ್ಣೂ ಅಲ್ಲ ಅಂದುಕೊಳ್ಳುವ ಹಲವರು ಕನ್ನಡದಲ್ಲಿ 'ಅವರು' ಅನ್ನುವುದನ್ನು ಒಪ್ಪುತ್ತಾರೆ. ನಮಗೆ ಅದು ಹೊಸ ಪದವೂ ಅಲ್ಲ. ಮೇಷ್ಟ್ರು ಬಂದರು, ಅಮ್ಮ ಹೇಳಿದರು, ಎಲ್ಲ ಹಾಗೇ. ನೀವೂ ಪತ್ರದಲ್ಲಿ ಸಹಜವಾಗಿ 'ಅನ್ನುತ್ತಾರೆ' ಅಂತಲೇ ಬರೆದಿದ್ದೀರಿ. ಆದರೆ ತರಗತಿಯಲ್ಲಿ ಹದಿನೇಳರ ಒಬ್ಬರಿಗೆ ಮಾತ್ರ 'ಅವರು ಹೇಳಿದ್ದು ಸರಿ' ಅಂದರೆ ಪಕ್ಕದವರು ಕಿಸಕ್ಕೆನ್ನುತ್ತಾರೆ. ಟೀಚರ್ ಗೇಲಿ ಮಾಡ್ತಿದ್ದಾರೆ ಅಂದುಕೊಳ್ಳುತ್ತಾರೆ. ಇದಕ್ಕೆ ಎರಡು ದಾರಿ ನೋಡಿದ್ದೇನೆ. ಒಂದು, ಇಡೀ ತರಗತಿಗೆ ನೀವು, ಅವರು ಅಂತಲೇ ಮಾತಾಡುವುದು. ಕೆಲವು ಉಪನ್ಯಾಸಕರು ಮೊದಲಿನಿಂದಲೂ ಹಾಗೇ ಮಾತಾಡುತ್ತಾರೆ, ಮಕ್ಕಳಿಗೆ ಅದು ಇಷ್ಟವೂ ಆಗುತ್ತದೆ.

ಎರಡನೆಯದು ನಿಮ್ಮಂಥ ಕನ್ನಡದವರಿಗೆ ಆಟದ ಹಾಗೆ. ಕನ್ನಡದಲ್ಲಿ ಲಿಂಗವೇ ಬಾರದ ವಾಕ್ಯಗಳು ಎಷ್ಟಿವೆ ಅಂತ ಒಂದು ದಿನ ಲೆಕ್ಕ ಹಾಕಿ. 'ಬಂದಿದ್ದಾನೆ, ಬಂದಿದ್ದಾಳೆ' ಅನ್ನುವಾಗ ಲಿಂಗ ಇದೆ. 'ಬಂದಿಲ್ಲ' ಅನ್ನುವಾಗ ಇಲ್ಲ. ಬರಬೇಕು, ಬರಬಹುದು, ಬರೋದು ಬೇಡ, ಯಾವುದರಲ್ಲೂ ಇಲ್ಲ. ಹೆಸರು ಶಶಿ ಅಂತ ಇಟ್ಟುಕೊಳ್ಳಿ: 'ಶಶಿಗೆ ಉತ್ತರ ಗೊತ್ತು', 'ಶಶಿಗೆ ಜ್ವರ ಬಂದಿದೆ', 'ಶಶಿ ಬರೆದದ್ದು ಚೆನ್ನಾಗಿದೆ', ಎಲ್ಲಿದೆ ಲಿಂಗ? ಒಂದು ವಾರ ಅಭ್ಯಾಸ ಮಾಡಿದರೆ ನಾಲಿಗೆ ತಾನೇ ಹೊಂದಿಕೊಳ್ಳುತ್ತದೆ. ಇದು ಅವರನ್ನು ಕೇಳಿಕೊಂಡು ಮಾಡುವ ಕೆಲಸ, ನೆನಪಿರಲಿ. ಕೆಲವರಿಗೆ 'ಅವನು' ಆದೀತು, ಕೆಲವರಿಗೆ 'ಅವಳು' ಆದೀತು, ಕೆಲವರಿಗೆ ಎರಡೂ ಬೇಡ.

'ಅದು' ಮಾತ್ರ ಯಾವತ್ತೂ ಬೇಡ. ತೊಟ್ಟಿಲ ಮಗುವಿಗೆ 'ಅದು ಮಲಗಿದೆ' ಅನ್ನಬಹುದು. ಬೆಳೆದವರಿಗೆ ಹಾಗಂದರೆ ಮನುಷ್ಯರ ಸಾಲಿನಿಂದ ಆಚೆ ತಳ್ಳಿದ ಹಾಗೆ. ಬಸ್ಸಿನಲ್ಲಿ, ಸಂತೆಯಲ್ಲಿ ಟ್ರಾನ್ಸ್‌ಜೆಂಡರ್ ಜನ ದಿನಾ ಕೇಳುವ ಮಾತು ಅದು. ಹಾಗಂತ ನಮ್ಮ ಜನಕ್ಕೆ ಸರಿಯಾಗಿ ಮಾತಾಡಲು ಬರುವುದಿಲ್ಲ ಅಂತಲೂ ಅಲ್ಲ. 2021ರ ನವೆಂಬರ್‌ನಲ್ಲಿ ಜನಪದ ಕಲಾವಿದೆ, ಟ್ರಾನ್ಸ್‌ಜೆಂಡರ್ ಮಹಿಳೆ ಮಂಜಮ್ಮ ಜೋಗತಿ ಪದ್ಮಶ್ರೀ ತಗೊಳ್ಳುವಾಗ ಸೆರಗಿನಿಂದ ರಾಷ್ಟ್ರಪತಿಗೆ ದೃಷ್ಟಿ ತೆಗೆದರಲ್ಲ, ಆ ವಿಡಿಯೊ ನಮ್ಮ ಬೀದಿಯ ಅಜ್ಜಿಯಂದಿರೂ ನೋಡಿದರು. 'ನಮ್ ಮಂಜಮ್ಮ ಎಷ್ಟ್ ಚೆನ್ನಾಗಿ ಮಾಡಿದ್ರು ನೋಡು' ಅಂದರು. ಅಮ್ಮ ಅನ್ನುವುದಕ್ಕೆ, ಮಾಡಿದ್ರು ಅನ್ನುವುದಕ್ಕೆ ಯಾರೂ ತಡವರಿಸಲಿಲ್ಲ.

ನೀವು ತಪ್ಪುತ್ತೀರಿ. ನಾನೂ ತಪ್ಪುತ್ತೇನೆ. 'ಬಂದ್ಲು... ಬಂದ' ಅಂತ ಸರಿಮಾಡಿಕೊಂಡು ಮಾತು ಮುಂದುವರಿಸಿ. ಎಲ್ಲರ ಮುಂದೆ 'ಅಯ್ಯೋ ಕ್ಷಮಿಸಪ್ಪಾ, ಅಭ್ಯಾಸಬಲ' ಅಂತ ಐದು ನಿಮಿಷ ಹೇಳುತ್ತಾ ನಿಂತರೆ ಆ ಹುಡುಗನೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ.

ಮನೆಯವರ ವಿಷಯ. ಇಲ್ಲಿ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿ ಎರಡು ದಿನ ಬರಲಿಲ್ಲ. ಕಾಳಜಿಯಿಂದ ಮನೆಗೆ ಫೋನ್ ಮಾಡಿದೆ. ಬಾಯಿಗೆ ಅಭ್ಯಾಸವಾಗಿದ್ದ ಹೊಸ ಹೆಸರೇ ಬಂತು. ಆ ಕಡೆಯಿಂದ ಅಪ್ಪ 'ಯಾವ ಹುಡುಗ? ರಾಂಗ್ ನಂಬರ್' ಅಂದರು. ಅಲ್ಲಿಗೆ ಸುಮ್ಮನಾಗಬೇಕಿತ್ತು. ನಾನು ಪೆದ್ದಿಯ ಹಾಗೆ ವಿವರಿಸಲು ಹೋದೆ. ಆಮೇಲೆ ಆ ಮಗು ಮೂರು ವಾರ ಕಾಲೇಜಿಗೆ ಬರಲಿಲ್ಲ. ಬಂದಾಗ ತಲೆಗೂದಲಿಗೆ ಎಣ್ಣೆ ಹಾಕಿ ಬಿಗಿಯಾಗಿ ಎರಡು ಜಡೆ ಹೆಣೆದಿದ್ದರು. ನನ್ನ ಜೊತೆ ಮತ್ತೆ ಮಾತಾಡಲಿಲ್ಲ.

ಆದ್ದರಿಂದ ಈಗ ನಾನು ಮೊದಲು ಕೇಳುವ ಪ್ರಶ್ನೆ ಹೆಸರೇನು ಅಂತಲ್ಲ, ಈ ಹೆಸರು ಎಲ್ಲೆಲ್ಲಿ ಬಳಸಲಿ ಅಂತ. ತರಗತಿಯಲ್ಲಾ? ಸ್ಟಾಫ್ ರೂಮಿನಲ್ಲಾ? ಮನೆಗೆ ಫೋನ್ ಮಾಡಿದರೆ ಯಾವುದು? ಪೋಷಕರ ಸಭೆಯ ದಿನ ಯಾವುದು? ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಎಲ್ಲರ ಕಣ್ಣಿಗೆ ಬೀಳುವ ಕಡೆ ಬರೆದಿಡಬೇಡಿ. ಮನೆಯವರಿಗೆ ಹೇಳುವುದು ಯಾವಾಗ, ಹೇಗೆ ಅನ್ನುವುದನ್ನು ಆ ಹುಡುಗ ತೀರ್ಮಾನಿಸಲಿ. ನೀವು ಜೊತೆಗಿರುತ್ತೇನೆ ಅಂದರೆ ಸಾಕು. ಎಷ್ಟೋ ಮನೆಗಳಲ್ಲಿ ಮೊದಲು ಅಜ್ಜಿಗೋ ಅಕ್ಕನಿಗೋ ಚಿಕ್ಕಪ್ಪನಿಗೋ ಗೊತ್ತಾಗಿರುತ್ತದೆ. ಅಂಥ ಒಬ್ಬರು ಇದ್ದರೆ ಅವರ ಮೂಲಕ ಹೋಗುವುದು ವಾಸಿ. ಮನೆಯಲ್ಲಿ ಹೊಡೆತ, ಕೂಡಿಹಾಕುವುದು, ಮದುವೆ ಮಾಡುವ ಮಾತು ಅಂತೇನಾದರೂ ಕೇಳಿಬಂದರೆ ಆಗ ಲೆಕ್ಕ ಬೇರೆ. 18 ತುಂಬದವರಿಗೆ ಮಕ್ಕಳ ಸಹಾಯವಾಣಿ 1098 ಇದೆ. ಮನಸ್ಸು ಕುಸಿದಿದೆ, ಸಾಯುವ ಮಾತಾಡುತ್ತಿದ್ದಾನೆ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಇನ್ನು ಕಾಗದ ಪತ್ರ. ಚೇತನ್‌ನ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡು ಹಳೆಯ ಹೆಸರಿನಲ್ಲಿ ಆಗಿಹೋಗಿದೆ. ದ್ವಿತೀಯ ಪಿಯು ಹಾಲ್ ಟಿಕೆಟ್ಟೂ ಅದರಂತೆಯೇ ಬರುತ್ತದೆ. ಪರೀಕ್ಷೆಯ ದಿನ ಮುಖಕ್ಕೂ ಹೆಸರಿಗೂ ಹೊಂದುತ್ತಿಲ್ಲ ಅಂತ ಕೊಠಡಿ ಮೇಲ್ವಿಚಾರಕರು ತಡೆಯದ ಹಾಗೆ ಮುಖ್ಯ ಅಧೀಕ್ಷಕರ ಹತ್ತಿರ ಮೊದಲೇ ಮಾತಾಡಿಡಿ. ಹುಡುಗನ ಒಪ್ಪಿಗೆ ತಗೊಂಡೇ ಮಾತಾಡಿ. ಇದು ಪ್ರಿನ್ಸಿಪಾಲರಿಗೆ ಕೊಡಬಹುದಾದ ಒಳ್ಳೆಯ ಕೆಲಸ, ಅವರಿಗೂ ಜವಾಬ್ದಾರಿ ಹೊತ್ತ ಸಮಾಧಾನ ಇರುತ್ತದೆ.

ಅಧಿಕೃತ ಬದಲಾವಣೆಗೆ 2019ರ ಕಾಯ್ದೆ, 2020ರ ನಿಯಮಗಳು ತೋರಿಸಿದ ದಾರಿ ಜಿಲ್ಲಾಧಿಕಾರಿಯಿಂದ ಗುರುತಿನ ಪ್ರಮಾಣಪತ್ರ ಪಡೆಯುವುದು. ಅರ್ಜಿ ಹಾಕಲು ಕೇಂದ್ರ ಸರ್ಕಾರದ ಪೋರ್ಟಲ್ 2020ರ ನವೆಂಬರ್‌ನಲ್ಲಿ ಶುರುವಾಯಿತು. 18 ತುಂಬದವರ ಪರವಾಗಿ ಅಪ್ಪ ಅಮ್ಮ ಅಥವಾ ಪೋಷಕರು ಅರ್ಜಿ ಹಾಕಬೇಕು. ಮನೆಯವರಿಗೆ ಗೊತ್ತಿಲ್ಲದ ಹುಡುಗನಿಗೆ ಇದು ಸದ್ಯಕ್ಕೆ ಮುಚ್ಚಿದ ಬಾಗಿಲು ಅಂತಲೇ ಅರ್ಥ. ಕಾನೂನಿಗೆ ತಿದ್ದುಪಡಿ ಬರುತ್ತಲೇ ಇರುತ್ತದೆ, ಹಾಗಾಗಿ ಅರ್ಜಿ ಹಾಕುವ ವಾರ ಜಿಲ್ಲಾಧಿಕಾರಿ ಕಚೇರಿಯಲ್ಲಿ ಆಗಿನ ನಿಯಮ ಕೇಳಿಯೇ ಹಾಕಲಿ. ಜನನ ಪ್ರಮಾಣಪತ್ರದ ಬಗ್ಗೆ ಮಾತ್ರ ನಮ್ಮ ಹೈಕೋರ್ಟಿನದೇ ಒಂದು ಒಳ್ಳೆಯ ಆದೇಶ ಇದೆ. 2024ರ ಡಿಸೆಂಬರ್‌ನಲ್ಲಿ ಮಂಗಳೂರಿನ ಪ್ರಕರಣವೊಂದರಲ್ಲಿ ಬಂದದ್ದು. ಹಳೆಯ ಹೆಸರು, ಲಿಂಗದ ಜೊತೆಗೆ ಹೊಸದನ್ನೂ ನಮೂದಿಸಿ ಪ್ರಮಾಣಪತ್ರ ಕೊಡಬೇಕು ಅಂತ ಅದರಲ್ಲಿ ಹೇಳಿದೆ.

ಇಲ್ಲಿ ನನ್ನ ಅನುಭವದ ಒಂದು ಎಚ್ಚರಿಕೆ. ಹುಡುಗರು ಉತ್ಸಾಹದಲ್ಲಿ ಮೊದಲು ಆಧಾರ್ ಬದಲಿಸಲು ಓಡುತ್ತಾರೆ. ಆಧಾರ್‌ನಲ್ಲಿ ಒಂದು ಹೆಸರು, ಎಸ್‌ಎಸ್‌ಎಲ್‌ಸಿಯಲ್ಲಿ ಇನ್ನೊಂದು ಅಂತಾದರೆ ಸ್ಕಾಲರ್‌ಶಿಪ್, ಸಿಇಟಿ, ಬ್ಯಾಂಕ್ ಖಾತೆ ಎಲ್ಲದರಲ್ಲೂ ಸಿಕ್ಕಿಕೊಳ್ಳುತ್ತಾರೆ. ಮಾರ್ಚ್‌ನಲ್ಲಿ ಪರೀಕ್ಷೆ ಇಟ್ಟುಕೊಂಡು ಜನವರಿಯಲ್ಲಿ ಇದಕ್ಕೆ ಕೈ ಹಾಕಬೇಡ ಅಂತ ಚೇತನ್‌ಗೆ ಹೇಳಿ. ಪರೀಕ್ಷೆ, ಸಿಇಟಿ, ಸೀಟು ಎಲ್ಲ ಮುಗಿಯಲಿ. ಆಮೇಲೆ ನಿಧಾನವಾಗಿ, ಒಂದರ ಹಿಂದೆ ಒಂದು. ಅವನಿಗೆ ಈ ಮಾತು ರುಚಿಸುವುದಿಲ್ಲ. ಕೋಪಿಸಿಕೊಂಡರೂ ಕೇಳಿಸಿಕೊಳ್ಳುತ್ತಾನೆ, ಯಾಕೆಂದರೆ ಅಷ್ಟರಲ್ಲಿ ನೀವು ಅವನನ್ನು ಚೇತನ್ ಅಂತ ಕರೆಯಲು ಶುರು ಮಾಡಿರುತ್ತೀರಿ.

ತರಗತಿಗೆ ಹೇಗೆ ಹೇಳುವುದು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಘೋಷಣೆ ಮಾಡಬೇಡಿ. ಪ್ರಾರ್ಥನೆಯ ಹೊತ್ತಿಗೆ ನಿಲ್ಲಿಸಿ ಭಾಷಣ ಮಾಡಿಸುವುದಂತೂ ಬೇಡವೇ ಬೇಡ. ನೀವು ಹೊಸ ಹೆಸರಿನಿಂದ ಕರೆಯಿರಿ, ಯಾರಾದರೂ 'ಯಾಕೆ ಮಿಸ್?' ಅಂದರೆ 'ಅವನ ಹೆಸರು ಅದೇ' ಅನ್ನಿ. ಹದಿನೇಳರ ಮಕ್ಕಳು ನಾವು ಅಂದುಕೊಂಡದ್ದಕ್ಕಿಂತ ಬೇಗ ಒಪ್ಪಿಕೊಳ್ಳುತ್ತಾರೆ. ಸ್ಟಾಫ್ ರೂಮೇ ಕಷ್ಟ. ಗೇಲಿ, ಅಡ್ಡಹೆಸರು ಕಂಡರೆ ಮಾತ್ರ ಅಲ್ಲೇ ತಡೆಯಿರಿ, ಆಮೇಲೆ ನೋಡೋಣ ಅನ್ನಬೇಡಿ.

ಕೊನೆಗೆ, ಇನ್ನೂ ಹೆಸರು ಸಿಗದ ಆ ಇನ್ನೊಬ್ಬರು. ಬೇಗ ತೀರ್ಮಾನಿಸು ಅಂತ ಅವಸರ ಮಾಡಬೇಡಿ. 'ಮೊದಲು ಗಟ್ಟಿ ಮಾಡಿಕೊಂಡು ಬಾ, ಆಮೇಲೆ ಕರೀತೀನಿ' ಅಂತಲೂ ಅನ್ನಬೇಡಿ. ನಮ್ಮಲ್ಲಿ ಶಶಿ, ಮಂಜು, ಕಿರಣ ಅಂತ ಎರಡೂ ಕಡೆ ಸಲ್ಲುವ ಹೆಸರುಗಳು ಬೇಕಾದಷ್ಟಿವೆ. ಎರಡು ವಾರ ಒಂದನ್ನು ಕರೆಸಿಕೊಂಡು ನೋಡಲಿ. ಕಿವಿಗೆ ಹಿಡಿಸದಿದ್ದರೆ ಇನ್ನೊಂದು. ಮತ್ತೆ ಹಳೆಯದೇ ಇರಲಿ ಅನ್ನಿಸಿದರೆ ಅದೂ ಆಗಬಹುದು, ಅದಕ್ಕೆ ನಾಚಿಕೆಪಡುವ ಹಾಗೆ ನಾವು ಮಾಡಬಾರದು, ಅಷ್ಟೇ. ಹಾಜರಿ ಪುಸ್ತಕದಲ್ಲಿ ಚೀಟಿ ಇಡಿ ಅಂದೆನಲ್ಲ, ಅವರ ಸಾಲನ್ನು ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ.